ಥೆಕ್ಲಾ ಫೇಲಾಗಬೇಕಿದ್ದ ಪರೀಕ್ಷೆ

ಮಾರ್ಲೀನ್ ಹುದಾಕ್‌ಗೆ ಅರವತ್ತೆಂಟು ವರ್ಷ, ಅವಳ ತಾಯಿ ಥೆಕ್ಲಾಗೆ ತೊಂಬತ್ತೊಂದು. ಇಬ್ಬರೂ ಮೆಟ್ಟಿಲಿಳಿದು ಬರುವಾಗ ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂದು ಹೇಳುವುದು ಕಷ್ಟವಾಗಿತ್ತು. ಯಂಗ್ಸ್‌ಟೌನಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಕಾರು ಹೋಗುವಷ್ಟೇ ಜಾಗ. ಮೂವತ್ತೊಂದು ವರ್ಷದಿಂದ ನಾನು ಪಾತ್ರೆ ತೊಳೆಯುತ್ತಾ ನೋಡುವುದು ಅವರ ಅಡುಗೆಮನೆಯನ್ನೇ.

ಶಾಲೆಯ ಅಡುಗೆಮನೆಯಲ್ಲಿ ಮಾರ್ಲೀನ್ ಮೂವತ್ತೆರಡು ವರ್ಷ ದುಡಿದಳು. ದಿನಕ್ಕೆ ಆರುನೂರು ಮಕ್ಕಳಿಗೆ ಬಡಿಸಿದವಳಿಗೆ ಸ್ವಂತ ಮಕ್ಕಳಿಲ್ಲ. ಗಂಡ ಫ್ಲಾರಿಡಾಗೆ ಹೋದವನು ಅಲ್ಲೇ ಉಳಿದುಬಿಟ್ಟ. ಅವಳು ನಿವೃತ್ತಳಾದ ವರ್ಷವೇ ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಎರಡು ವಾರ ಇದ್ದು ಹೋಗುತ್ತೇನೆಂದು ಸೂಟ್‌ಕೇಸು ಹಿಡಿದು ಬಂದ ಮಾರ್ಲೀನ್ ಹಾಗೇ ಆರು ವರ್ಷ ಕಳೆದಳು. ಬೆಳಿಗ್ಗೆ ಎಬ್ಬಿಸುವುದು, ಮೈ ತೊಳೆಸುವುದು, ಬಟ್ಟೆ ಹಾಕುವುದು, ಕಮೋಡು ಕುರ್ಚಿಗೆ ಕೂರಿಸುವುದು, ಎಬ್ಬಿಸುವುದು, ಮತ್ತೆ ಕೂರಿಸುವುದು. ಮಾಡಿದವರಿಗೇ ಗೊತ್ತು ಅದರ ಕಷ್ಟ.

ಹೋದ ಆಗಸ್ಟಿನಲ್ಲಿ ತಾಯಿ ಮಗಳಿಬ್ಬರೂ ಬಚ್ಚಲಲ್ಲಿ ಒಟ್ಟಿಗೆ ಬಿದ್ದರು. ತಾಯಿಗೆ ಏನೂ ಆಗಲಿಲ್ಲ, ಅವಳು ಬಿದ್ದಿದ್ದು ಮಗಳ ಮೇಲೆ. ಮಗಳ ಬಲಭುಜದ ಸ್ನಾಯು ಹರಿಯಿತು. ಶಸ್ತ್ರಚಿಕಿತ್ಸೆ ಆಗಬೇಕು, ಅದಾದ ಮೇಲೆ ನಾಲ್ಕು ತಿಂಗಳು ಒಂದು ತಂಬಿಗೆಯನ್ನೂ ಎತ್ತಬಾರದು ಎಂದರು ಡಾಕ್ಟರು.

"ತಂಬಿಗೆ ಇರ್ಲಿ, ನಮ್ಮಮ್ಮನ್ನ ಯಾರು ಎತ್ತೋರು?" ಅಂದಳು ಮಾರ್ಲೀನ್.

ಇಂಥ ಮುದುಕರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ವೃದ್ಧಾಶ್ರಮ ಅಂದರೆ ಅವರಿಗೆ ಸಿಟ್ಟು, ನೆರವಿನ ವಸತಿ ಅನ್ನಬೇಕಂತೆ. ಎಂಥ ಹೆಸರಿಟ್ಟರೂ ತಿಂಗಳಿಗೆ ಐದು ಸಾವಿರದ ನಾನೂರು ಡಾಲರು. ಥೆಕ್ಲಾಗೆ ಬರುವ ಪಿಂಚಣಿ ಸಾವಿರದ ಏಳುನೂರು, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಿರಿಯರಿಗೆ ಸಿಗುವ ಸೌಲಭ್ಯಗಳೆಂದು ಕೌಂಟಿ, ಅಂದರೆ ಜಿಲ್ಲಾಡಳಿತದವರು ಒಂದು ದಪ್ಪ ಪುಸ್ತಕ ಕೊಟ್ಟರು. ಚರ್ಚಿನ ನೆಲಮಾಳಿಗೆಯಲ್ಲಿ ಮುದುಕರಿಗೆ ಮಧ್ಯಾಹ್ನದ ಊಟ ಬಡಿಸುವವಳು ನಾನು, ಆ ಪುಸ್ತಕ ನನಗೆ ಬಾಯಿಪಾಠ. ಅದರಲ್ಲಿರುವ ಯಾವ ಫೋನ್ ನಂಬರು ಒತ್ತಿದರೂ ಮೊದಲು ಅರ್ಧ ಗಂಟೆ ಸಂಗೀತ ಕೇಳಬೇಕು.

ಆದರೂ ಒಂದು ದಾರಿ ಸಿಕ್ಕಿತು. ಖರ್ಚಿನ ಬಹುಪಾಲನ್ನು ಸರ್ಕಾರವೇ ಕೊಡುವ ಯೋಜನೆಯೊಂದಿತ್ತು. ಹತ್ತಿರದ ಒಂದು ಮನೆಯಲ್ಲಿ ಆ ಯೋಜನೆಯವರಿಗೆಂದು ಒಂದು ಕೋಣೆ ಖಾಲಿಯಾಗಿತ್ತು, ಅಕ್ಟೋಬರ್ ಮುಗಿಯುವವರೆಗೆ ಕಾಯುತ್ತೇವೆ ಎಂದಿದ್ದರು. ಆದರೆ ಮೊದಲು ಯೋಜನೆಯ ಕಚೇರಿಯ ನರ್ಸ್ ಮನೆಗೆ ಬಂದು ಪರೀಕ್ಷೆ ಮಾಡಬೇಕು. ಸ್ನಾನ, ಬಟ್ಟೆ, ಊಟ, ನಡಿಗೆ, ಕಕ್ಕಸು, ಇವುಗಳಲ್ಲಿ ಎರಡಾದರೂ ಇನ್ನೊಬ್ಬರ ಕೈಯಿಲ್ಲದೆ ಆಗುವುದಿಲ್ಲ ಎಂದು ಆಕೆಗೆ ಕಾಣಬೇಕು. ಈ ಪರೀಕ್ಷೆಯಲ್ಲಿ ಫೇಲಾದವರಿಗೇ ಕೋಣೆ.

ನರ್ಸ್ ಬರುವುದಕ್ಕೆ ಎರಡು ದಿನ ಮೊದಲೇ ಮಾರ್ಲೀನ್ ಆ ಹರಿದ ಭುಜದಲ್ಲೇ ನೆಲ ಉಜ್ಜಿದಳು. ಕಮೋಡು ಕುರ್ಚಿಯನ್ನು ನೆಲಮಾಳಿಗೆಗೆ ಸಾಗಿಸಿದಳು. ಆ ದಿನ ಬೆಳಿಗ್ಗೆ ತಾಯಿಗೆ ಸ್ನಾನ ಮಾಡಿಸಿ, ಚರ್ಚಿಗೆ ಹೋಗುವ ನೀಲಿ ಉಡುಪು ತೊಡಿಸಿ, ಹನ್ನೊಂದು ಗುಂಡಿ ಹಾಕಿ, ಕೂದಲು ಸುರುಳಿ ಮಾಡಿ, ತುಟಿಗೆ ಬಣ್ಣವನ್ನೂ ಹಚ್ಚಿದಳು. ಸಾಲದ್ದಕ್ಕೆ ಅಕ್ರೋಟಿನ ಸುರುಳಿ ರೊಟ್ಟಿ ಬೇಯಿಸಿದಳು. ಅವರು ಸ್ಲೊವಾಕರ ಪೈಕಿ, ಮನೆಗೆ ಯಾರೇ ಬಂದರೂ ಅದಿಲ್ಲದೆ ಕಳಿಸುವ ಹಾಗಿಲ್ಲ.

"ಇದೇನೇ ಇದು, ಮದುವೆ ಮನೆಯಾ?" ಅಂದೆ ನಾನು.

"ಹೊರಗಿನೋರು ಮನೆಗೆ ಬರ್ತಿದಾರೆ ಕಣೇ. ನಮ್ಮಮ್ಮನ್ನ ಕೊಳಕು ನೈಟೀಲಿ ತೋರಿಸ್ಲಾ?"

ಬಂದ ನರ್ಸ್ ಡೆನೀಸ್ ಪ್ರ್ಯೂಟ್ ಕೆಟ್ಟವಳಲ್ಲ. ದಿನಕ್ಕೆ ಐದಾರು ಮನೆ ಹತ್ತಿಳಿದು ಸೋತ ಮುಖ. ಥೆಕ್ಲಾ ಅವಳನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ರೊಟ್ಟಿಯ ತಟ್ಟೆಯನ್ನು ಅವಳತ್ತ ತಳ್ಳಿದಳು.

"ಸ್ನಾನಾನ ನೀವೇ ಮಾಡ್ತೀರಾ, ಮಿಸೆಸ್ ಹುದಾಕ್?"

"ಮತ್ತೆ ಪಾದ್ರಿ ಬಂದು ಮಾಡಿಸ್ತಾರಾ?"

"ಈ ಉಡುಪನ್ನ ಯಾರು ಹಾಕಿದ್ದು?"

"ನಾನೇ ಕಣಮ್ಮ. ಚೆನ್ನಾಗಿದೆ ಅಲ್ವಾ? ತಿನ್ನು, ಇನ್ನೊಂದು ತುಂಡು ತಗೋ. ಇಷ್ಟು ಸಣ್ಣಗಿದ್ರೆ ಗಾಳಿ ಎತ್ಕೊಂಡು ಹೋಗುತ್ತೆ."

ಡೆನೀಸ್ ಮಗಳ ಕಡೆ ತಿರುಗಿ ನೋಡಿದಳು. ಮಾರ್ಲೀನ್ ಬಾಯಿ ಬಿಡಬಹುದಿತ್ತು. ಆದರೆ ಪರರ ಎದುರು ತಾಯಿಯ ಮಾತನ್ನು ಸುಳ್ಳು ಮಾಡಿದವರು ಆ ಮನೆಯಲ್ಲಿ ಇದುವರೆಗೆ ಯಾರೂ ಇಲ್ಲ. "ನಾನೂ ಸ್ವಲ್ಪ ಕೈ ಹಾಕ್ತೀನಿ," ಅಂದಳು, ಅಷ್ಟೇ.

ಹತ್ತು ದಿನಕ್ಕೆ ಕಾಗದ ಬಂತು. ಥೆಕ್ಲಾ ಹುದಾಕ್ ಅವರಿಗೆ ಸದ್ಯ ಈ ಮಟ್ಟದ ಆರೈಕೆಯ ಅಗತ್ಯ ಕಂಡುಬಂದಿಲ್ಲ. ಮಾರ್ಲೀನ್ ಅದನ್ನು ಕಿಟಕಿಯಿಂದಲೇ ನನಗೆ ತೋರಿಸಿದಳು.

"ಅಮ್ಮ ಪಾಸಾಗ್ಬಿಟ್ಲು ಕಣೇ," ಎಂದು ನಗಲು ಹೋದಳು. ನಗು ಅರ್ಧಕ್ಕೇ ನಿಂತು ಅಳು ಬಂತು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕನಿಕರದ ಜೊತೆ ನನಗೆ ಕೋಪವೂ ಬಂದಿತ್ತು.

"ನಿನಗೆ ಬುದ್ಧಿ ಬೇಡ್ವಾ? ಇನ್ನೊಂದ್ಸಲ ಬಂದು ನೋಡಿ ಅಂತ ಬರಿ. ಆ ನರ್ಸ್ ಬಂದಾಗ ಏನೂ ಮಾಡ್ಬೇಡ. ಸ್ನಾನ ಬೇಡ, ತಲೆ ಬಾಚೋದು ಬೇಡ, ಏನೂ ಬೇಡ. ಸುಮ್ನೆ ಕೈ ಕಟ್ಕೊಂಡು ಕೂತ್ಕೋ."

"ಅಷ್ಟೇನಾ?"

"ಅಷ್ಟೇ."

ಬೇರೆಯವರಿಗೆ ಬುದ್ಧಿ ಹೇಳುವುದಕ್ಕೆ ಏನು ಖರ್ಚು?

ಅಕ್ಟೋಬರಿನ ಕೊನೆಯ ವಾರ ಡೆನೀಸ್ ಮತ್ತೆ ಬಂದಳು. ಮಾರ್ಲೀನ್ ಕೇಳಿಕೊಂಡಿದ್ದರಿಂದ ನಾನೂ ಹೋಗಿ ಕೂತಿದ್ದೆ. ಥೆಕ್ಲಾ ಹಿಂದಿನ ದಿನದ ನೈಟಿಯಲ್ಲೇ ಇದ್ದಳು, ಕೂದಲು ಒಂದು ಕಡೆಗೆ ಅಂಟಿಕೊಂಡಿತ್ತು. ಎದುರಿಗೆ ಯಾರೋ ಕೂತಿದ್ದಾರೆ ಎಂದು ತಿಳಿದಕೂಡಲೇ ಅವಳು ಕೇಳಿದ್ದು ಸ್ವೆಟರನ್ನು. ಡೆನೀಸ್ ಅದನ್ನು ಅವಳ ತೊಡೆಯ ಮೇಲಿಟ್ಟು, "ನೀವೇ ಹಾಕ್ಕೊಳ್ಳಿ, ನೋಡೋಣ," ಅಂದಳು.

ಒಂದು ತೋಳು ಹೇಗೋ ಒಳಗೆ ಹೋಯಿತು. ಇನ್ನೊಂದು ಕೈ ಬೆನ್ನ ಹಿಂದೆ ಹುಡುಕಾಡಿ, ಸಿಗದೆ, ಮುಂದೆ ಬಂತು. ಮತ್ತೆ ಹಿಂದೆ ಹೋಯಿತು. ಆಮೇಲೆ ಮುದುಕಿ ದಿನಾ ಬೆಳಿಗ್ಗೆ ಮಾಡುವ ಹಾಗೆ ಮಗಳ ಕಡೆಗೆ ಕೈ ಚಾಚಿದಳು.

ಮಾರ್ಲೀನ್ ಎರಡೂ ಅಂಗೈಗಳನ್ನು ತೊಡೆಯಡಿಗೆ ಸೇರಿಸಿಕೊಂಡು ಕೂತಿದ್ದಳು. ಏಳಲಿಲ್ಲ. ಕಣ್ಣು ನೆಲ ನೋಡುತ್ತಿತ್ತು. ಚಾಚಿದ ಕೈ ಹಾಗೇ ಇತ್ತು. ಎಷ್ಟು ಹೊತ್ತೋ ನನಗೆ ತಿಳಿಯಲಿಲ್ಲ. ನನಗೇ ಎದ್ದು ಹೋಗಿ ಹಾಕಿಬಿಡೋಣ ಅನ್ನಿಸಿತು. ಕಡೆಗೆ ಥೆಕ್ಲಾ ಕಕ್ಕಸಿಗೆ ಹೋಗಬೇಕು ಅಂದಳು. ಕುರ್ಚಿಯ ತೋಳು ಹಿಡಿದು ಎರಡು ಸಲ ಏಳಲು ನೋಡಿದಳು. ಮೂರನೆಯದಕ್ಕೆ ಹೊತ್ತು ಮೀರಿತ್ತು, ನೈಟಿ ಒದ್ದೆಯಾಗಿತ್ತು. ನಾನು ಕಾಫಿ ನೋಡುತ್ತೇನೆಂದು ಅಡುಗೆಮನೆಗೆ ಹೋದೆ. ಅಲ್ಲಿ ಕಾಫಿಯೇನೂ ಇರಲಿಲ್ಲ. ನೋಡಲಾರದೆ ತಪ್ಪಿಸಿಕೊಂಡು ಹೋದದ್ದು.

"ಸಾಕು," ಅಂದಳು ಡೆನೀಸ್. ಕಾಗದ ಮಡಿಸಿ, ಹೋಗುವ ಮುಂಚೆ ಮಾರ್ಲೀನಳ ಪೆಟ್ಟಾಗದ ಭುಜವನ್ನು ಒಮ್ಮೆ ಮುಟ್ಟಿದಳು.

ಬಾಗಿಲು ಹಾಕಿದ್ದೇ ಮಾರ್ಲೀನ್ ತಾಯಿಯ ಹತ್ತಿರ ಓಡಿದಳು. ಒರೆಸಿ, ಬಟ್ಟೆ ಬದಲಿಸಿ, ತಲೆ ಬಾಚುತ್ತಾ ಏನೇನೋ ಮಾತಾಡಿದಳು. ಬಾಚಿ ಮುಗಿದ ಮೇಲೆ ಥೆಕ್ಲಾ ಮಗಳ ಕಡೆ ತಿರುಗಿದಳು.

"ಎಲ್ಲಿ ಹೋಗಿದ್ದೆ?"

"ಇಲ್ಲೇ ಇದ್ನಲ್ಲಮ್ಮ."

"ಇಲ್ಲ. ನಾನು ಕೈ ಚಾಚಿದೆ."

ಕೋಣೆ ಸಿಕ್ಕಿತು. ನವೆಂಬರಿನಲ್ಲಿ ಮಾರ್ಲೀನಳ ಶಸ್ತ್ರಚಿಕಿತ್ಸೆಯೂ ಆಯಿತು. ಆ ಚಳಿಗಾಲ ಅವಳು ಆರು ವರ್ಷದ ನಿದ್ದೆಯನ್ನು ಒಟ್ಟಿಗೇ ಮಾಡಿದಳು. ಮಾರ್ಚಿನಲ್ಲಿ ಭುಜದ ಪಟ್ಟಿ ಬಿಚ್ಚಿದ ಮೊದಲ ಭಾನುವಾರ ನಾವಿಬ್ಬರೂ ಥೆಕ್ಲಾಳನ್ನು ನೋಡಲು ಹೋದೆವು. ಕೋಣೆ ಬೆಚ್ಚಗಿತ್ತು, ಕಿಟಕಿಯಲ್ಲಿ ಬಿಸಿಲಿತ್ತು. ಮುದುಕಿ ಸ್ವಲ್ಪ ಮೈತುಂಬಿಕೊಂಡಿದ್ದಳು. ಮಗಳನ್ನು ಗುರುತಿಸಿದಳು, ನನ್ನನ್ನೂ ಗುರುತಿಸಿ ನಿನಗೆ ವಯಸ್ಸಾಯಿತು ಎಂದು ಛೇಡಿಸಿದಳು. ಅವಳ ಸ್ವೆಟರಿನ ಗುಂಡಿಗಳು ಬಿಚ್ಚಿಕೊಂಡಿದ್ದವು. ಮಾರ್ಲೀನ್ ಬಗ್ಗಿ, ಗುಣವಾದ ಕೈಯಿಂದ ಮೊದಲ ಗುಂಡಿ ಹಿಡಿದಳು.

ಥೆಕ್ಲಾ ಆ ಕೈಯನ್ನು ಮೆಲ್ಲನೆ ಸರಿಸಿದಳು. "ನೀನು ಬಿಡು, ಮಾರ್ಲೀನ್. ಆ ಹುಡುಗಿ ಬರ್ತಾಳೆ, ಅವಳು ಹಾಕ್ತಾಳೆ."

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಮಾರ್ಲೀನ್ ತಡೆದುಕೊಳ್ಳುತ್ತಿದ್ದಳು. ಕೆಲಸದ ಹುಡುಗಿ ಬರಲು ಇಪ್ಪತ್ತು ನಿಮಿಷವಾಯಿತು. ಅಲ್ಲಿಯವರೆಗೆ ಥೆಕ್ಲಾ ತೆರೆದ ಸ್ವೆಟರಿನಲ್ಲೇ ಬಾಗಿಲು ನೋಡುತ್ತಾ ಕಾದಳು. ಮಗಳು ಅವಳ ಪಕ್ಕದಲ್ಲೇ ಕೂತಿದ್ದಳು.