ಹಾರ್ನ್ ಕೇಳಿಸಲಿಲ್ಲ

ಐವತ್ತೆಂಟು ತುಂಬಿದ ವರ್ಷ ನನ್ನ ಕಿವಿ ಮಂದವಾಗತೊಡಗಿತು. ಹೆಂಡತಿ ಏನಾದರೂ ಕೇಳಿದರೆ ಅಂದಾಜಿನ ಮೇಲೆ ತಲೆಯಾಡಿಸುತ್ತಿದ್ದೆ. "ಡಾಕ್ಟ್ರಿಗೆ ತೋರಿಸಿ ಮಾರಾಯ್ರೆ" ಎಂದು ಅವಳು ಹೇಳಿದಾಗಲೆಲ್ಲ, ನೀನು ಮಾತಾಡುವುದೇ ಮೆಲ್ಲಗೆ ಎಂದು ಅವಳ ಮೇಲೆಯೇ ಹಾಕುತ್ತಿದ್ದೆ. ಒಳಗೆ ಹೆದರಿಕೆಯಿತ್ತು. ಗಲ್ಫಿನಲ್ಲಿ, ಅಲ್ ಕೂಜ್‌ನ ಟೈಲ್ಸ್ ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿದ್ದೆ. ಕಿವಿ ಕೇಳದ ಮುದುಕನಿಗೆ ಯಾರು ವೀಸಾ ರಿನ್ಯೂ ಮಾಡಿಸುತ್ತಾರೆ?

ಒಂದು ಬೆಳಿಗ್ಗೆ ರ‍್ಯಾಕ್‌ಗಳ ನಡುವೆ ನಿಂತು ಪಟ್ಟಿ ನೋಡುತ್ತಿದ್ದೆ. ಯಾರೋ ನನ್ನ ತೋಳು ಹಿಡಿದು ಎಳೆದರು. ತಿರುಗಿದರೆ, ರಿವರ್ಸ್ ಬರುತ್ತಿದ್ದ ಫೋರ್ಕ್‌ಲಿಫ್ಟ್ ನಾನು ನಿಂತಿದ್ದ ಜಾಗದಲ್ಲೇ ಬಂದು ನಿಂತಿತ್ತು. ಡ್ರೈವರ್ ಪುತ್ತೂರಿನ ಕಡೆಯವನು, ಹನ್ನೆರಡು ವರ್ಷ ನನ್ನ ಜೊತೆ ದುಡಿದವನು. ಇಳಿದು ಓಡಿಬಂದ.

"ಹಾರ್ನ್ ಹಾಕ್ಲಿಕ್ಕೆ ಎಂತ ಆಯ್ತು ನಿಂಗೆ?" ಎಂದು ಎಲ್ಲರೆದುರು ಕೂಗಿದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ತಪ್ಪಾಯ್ತು ಅಣ್ಣ" ಎಂದ.

ಅವನು ಹಾರ್ನ್ ಹಾಕಿದ್ದ. ಸುತ್ತ ನಿಂತವರ ಮುಖ ನೋಡಿದಾಗಲೇ ನನಗದು ಗೊತ್ತಾಯಿತು. ಆದರೂ ಸುಮ್ಮನಿದ್ದೆ. ಸಂಜೆಯ ಹೊತ್ತಿಗೆ, ಅವನಿಗೆ ವಾರ್ನಿಂಗ್ ಲೆಟರ್ ಕೊಡುತ್ತಾರಂತೆ ಎಂಬ ಸುದ್ದಿ ಬಂತು. ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಅವನು ಬಾಯಿ ಮುಚ್ಚಿಕೊಂಡಿದ್ದ. ನಾನು ಆ ಮರ್ಯಾದೆಯ ಹಿಂದೆ ಅಡಗಿ ಕುಳಿತಿದ್ದೆ. ಇನ್ನು ಹೀಗಿರಬಾರದು ಎಂದು ಮನೆಗೆ ಹೋಗುವ ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಮರುದಿನ ಕೆಲಸಕ್ಕೆ ಮುಂಚೆ ಎಲ್ಲರೂ ಸಾಲಾಗಿ ನಿಂತಾಗ, ಅವರೆಲ್ಲರಿಗೂ ತಿಳಿಯುವ ಹಿಂದಿಯಲ್ಲಿ ಹೇಳಿದೆ: ಅವನು ಹಾರ್ನ್ ಹಾಕಿದ್ದ, ನನಗೆ ಕೇಳಿಸಲಿಲ್ಲ, ನನ್ನ ಕಿವಿ ಹಾಳಾಗಿದೆ. ಆಮೇಲೆ ಅವನ ಕಡೆ ತಿರುಗಿ, "ಎಲ್ಲರೆದುರು ಬೈದೆ. ಎಲ್ಲರೆದುರೇ ಕ್ಷಮೆ ಕೇಳ್ತೇನೆ" ಎಂದೆ.

"ಅದೆಲ್ಲ ಬಿಡಿ ಅಣ್ಣ. ಮೊದ್ಲು ಡಾಕ್ಟ್ರತ್ರ ಹೋಗಿ" ಎಂದ. ಅವನ ಕಣ್ಣು ತುಂಬಿತ್ತು.

ಅಲ್ಲಿಂದ ನೇರ ಮಾಲೀಕರ ಕೋಣೆಗೆ ಹೋದೆ. ಭಟ್ಕಳದ ಹಿರಿಯರು. ಎಲ್ಲ ಕೇಳಿ, "ಹಾಗಾದ್ರೆ ಗೋದಾಮಿನ ಒಳಗಿನ ಕೆಲಸ ನಿಮಗೆ ಬೇಡ" ಎಂದರು.

"ಕಿವಿಗೆ ಮಿಷನ್ ಹಾಕಿಸಿ ಬರ್ತೇನೆ. ಆಮೇಲೂ ಆಗ್ಲಿಕ್ಕಿಲ್ಲ ಅಂತ ನಿಮಗೆ ಕಂಡ್ರೆ ನಾನೇ ಬಿಟ್ಟು ಹೋಗ್ತೇನೆ. ಆದ್ರೆ ಆ ಲೆಟರ್ ಅವನಿಗೆ ಕೊಡ್ಬೇಡಿ."

ಅವರು ಮೇಜಿನ ಮೇಲಿದ್ದ ಆ ಲೆಟರನ್ನು ಹರಿದು ಹಾಕಿದರು. "ಒಂದು ತಿಂಗಳು ನೋಡುವ."

ಮೊದಲ ವಾರ ಆ ಮಿಷನ್ ಕಿತ್ತು ಎಸೆಯಬೇಕೆನಿಸಿತು. ಕಾಗದ ಮಡಚಿದರೂ ತಗಡು ಬಡಿದ ಹಾಗೆ ಸದ್ದು. ತೆಗೆಯಲಿಲ್ಲ. ಆ ತಿಂಗಳಲ್ಲೇ ನಾನೂ ಡ್ರೈವರನೂ ಸೇರಿ ಗೋದಾಮಿನ ನೆಲದ ಮೇಲೆ, ನಡೆಯುವವರಿಗೆಂದು ಬೇರೆ ದಾರಿ ಗುರುತು ಮಾಡಿ ಹಳದಿ ಬಣ್ಣ ಬಳಿದೆವು. ತಿಂಗಳು ಕಳೆದ ಮೇಲೆ ಮಾಲೀಕರು ಕೆಲಸ ಬಿಡುವ ಮಾತನ್ನೇ ಎತ್ತಲಿಲ್ಲ.

ಈಗ ನನಗೆ ಅರುವತ್ತೊಂದು. ಹೊಸಬರು ಯಾರು ಸೇರಿದರೂ ಮೊದಲ ದಿನವೇ ಕಿವಿ ತೋರಿಸಿ ಹೇಳುತ್ತೇನೆ: "ನಂಗೆ ಸರಿ ಕೇಳುದಿಲ್ಲ. ಉತ್ತರ ಬರ್ಲಿಲ್ಲ ಅಂದ್ರೆ ಎದುರು ಬಂದು ಹೇಳಿ."