ಎತ್ತಿನ ಸೋಮವಾರ

ಯಲಬುರ್ಗಾ ಕಡೆಯ ಕಳಕಮ್ಮ ಗಂಡ ಸತ್ತ ಮೇಲೆ ಒಂದು ಜೋಡಿ ಎತ್ತಿನ ಬಲದಿಂದ ಕಮತ ನಡೆಸಿದವಳು. ಸೋಮವಾರ ಬಸವಣ್ಣನ ವಾರ. ಆ ದಿನ ಅವಳ ಎತ್ತುಗಳ ಹೆಗಲಿಗೆ ನೊಗ ಬೀಳುತ್ತಿರಲಿಲ್ಲ, ಮೈಗೆ ಬಾರುಕೋಲು ತಾಕುತ್ತಿರಲಿಲ್ಲ. ಈ ವಿಷಯದಲ್ಲಿ ಅವಳು ಊರಗೌಡನ ಮಾತನ್ನೂ ಕೇಳಿದವಳಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ಸೋಮವಾರ ದೊಡ್ಡ ಎತ್ತಿಗೆ ಸುಡುಸುಡು ಜ್ವರ ಬಂತು. ದನದ ಡಾಕ್ಟರು ಉಮಾಪತಿ ಅದರ ಕಿವಿಯಿಂದ ಒಂದು ಹನಿ ರಕ್ತ ತೆಗೆಯಲು ಸೂಜಿ ಹಿಡಿದರೆ ಕಳಕಮ್ಮ ಅಡ್ಡ ನಿಂತಳು.

"ಇವತ್ತ ಬ್ಯಾಡ್ರಿ. ನಾಳಿ ಬೇಕಾದಷ್ಟು ತಗೋರಿ."

ಜ್ವರ ಏರಿದಾಗಲೇ ರೋಗದ ಹುಳ ರಕ್ತದಲ್ಲಿ ಕಾಣುವುದೆಂದು ಡಾಕ್ಟರು ಬಾಯಿ ನೋಯುವಷ್ಟು ಹೇಳಿದರು. ಮರುದಿನ ಜ್ವರ ಇಳಿದಿತ್ತು. ಡಾಕ್ಟರು ಆಗ ತೆಗೆದು ಗಾಜಿನ ಮೇಲೆ ಹಚ್ಚಿ ನೋಡಿದ ರಕ್ತದಲ್ಲಿ ಏನೂ ಸಿಗಲಿಲ್ಲ. ವಾರದೊಳಗೆ ಎತ್ತು ಸತ್ತಿತು.

ಮುಂದಿನ ತಿಂಗಳು ಉಳಿದ ಎತ್ತಿಗೂ ಜ್ವರ ಬಂತು. ಅದೂ ಹಾಳು ಸೋಮವಾರವೇ. ಈ ಸಲ ಕಳಕಮ್ಮ ತಾನೇ ಎತ್ತನ್ನು ದವಾಖಾನೆಗೆ ಹೊಡೆದುಕೊಂಡು ಹೋಗಿ, ಅದರ ಕಿವಿ ಹಿಡಿದು, "ಚುಚ್ಚರಿ ಸಾಹೇಬ್ರ" ಎಂದಳು.

ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ಅವಳಿಗೂ ತೋರಿಸಿದರು. ರಕ್ತದ ತುಂಬ ಸಣ್ಣ ಹುಳಗಳು ಗಿಜಿಗುಡುತ್ತಿದ್ದವು.

"ಸಿಕ್ತಲ್ರಿ! ಇನ್ನ ಔಷಧ ಕೊಡ್ರಿ."

"ಆ ಔಷಧ ಜರ್ಮನಿಯಿಂದ ಬರತಿತ್ತವ್ವ. ಲಡಾಯಿ ಸುರು ಆದಮ್ಯಾಗ ಹೈದರಾಬಾದಿನ್ಯಾಗೂ ಇಲ್ಲ. ಯಾವ ಊರಾಗ ರೋಗ ಐತಿ ಅಂತ ಮ್ಯಾಲಿನವರಿಗೆ ತಿಳಸೋದಷ್ಟ ಈಗ ನನ್ನ ಕೆಲಸ."

ಕಳಕಮ್ಮ ಎತ್ತಿನ ಕಿವಿಯ ರಕ್ತವನ್ನು ಸೆರಗಿನಿಂದ ಒರೆಸಿದಳು.

"ಹಂಗಾರ ಇದರ ಸೋಮವಾರನಾದ್ರೂ ಇದಕ ಬಿಡಬೇಕಿತ್ತಲ್ರಿ."