ಇನ್ನಷ್ಟು ಇಳಿಯಲಿ

ಬಾಡಿಗೆ ಮನೆಯಲ್ಲಿ ದೇವರಿಗೂ ಒಂದು ಮೊಳೆಯ ಸ್ವಾತಂತ್ರ್ಯವಿಲ್ಲ. "ಗೋಡೆಗೆ ಮೊಳೆ ಹೊಡೀಬೇಡಿ" ಎಂಬುದು ಕೋಲಾರದ ಮನೆ ಮಾಲೀಕರು ಬೀಗದ ಕೈ ಕೊಡುವ ಮೊದಲು ತಪ್ಪದೆ ಪಠಿಸುವ ಮಂತ್ರವಾದ್ದರಿಂದ, ನನ್ನ ವೆಂಕಟರಮಣ, ಲಕ್ಷ್ಮಿ, ಆಂಜನೇಯ ಮೂವರೂ ಮದುವೆಯಾದಂದಿನಿಂದ ಒಂದು ಹಲಗೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಬಸ್ಸಿಗೆ ಕಾಯುವವರಂತೆ ಒರಗಿಕೊಂಡಿದ್ದರು. ಪಟಗಳು ಜಾರದಿರಲೆಂದು ಮುಂದೆ ಒಂದು ತೆಂಗಿನಕಾಯಿ ಇಡುತ್ತಿದ್ದೆ. ನೋಡಿದವರು ಅದನ್ನು ಭಕ್ತಿ ಎಂದುಕೊಳ್ಳುತ್ತಿದ್ದರು. ದೇವರು ಸಹನಾಮೂರ್ತಿ ಎಂಬುದಕ್ಕೆ ನನಗೆ ಬೇರೆ ಪುರಾಣ ಬೇಕಾಗಲಿಲ್ಲ.

ಹೋದ ವರ್ಷ ಮಾಲೀಕರು, ಮಗನ ಮದುವೆ ಗೊತ್ತಾಗಿದೆ, ಶ್ರಾವಣದ ಹೊತ್ತಿಗೆ ಮನೆ ಬಿಟ್ಟುಕೊಡಿ ಎಂದರು. ಅಲ್ಲಿಗೆ ಐದನೆಯ ಸಲ ಪಾತ್ರೆಪಗಡಿ ಕಟ್ಟುವ ಯೋಗ. ಈ ಸಲ ಹೋದರೆ ಸ್ವಂತದ್ದಕ್ಕೇ ಎಂದು ನಾನು ಪಟ್ಟು ಹಿಡಿದೆ. ಮನೆಯೂ ಕಣ್ಣ ಮುಂದೆಯೇ ಇತ್ತು: ಸುಗಟೂರಿನ ಬಸ್ಸು ಹೋಗುವ ರಸ್ತೆಯ ಹೊಸ ಬಡಾವಣೆಯಲ್ಲಿ, ಶ್ರೀನಿವಾಸಪುರದ ಮಾವಿನ ತೋಟದ ವೆಂಕಟರವಣಪ್ಪನವರು ಮಗಳಿಗೆಂದು ಕಟ್ಟಿಸಿ, ಅಳಿಯನಿಗೆ ಹುಬ್ಬಳ್ಳಿಗೆ ವರ್ಗವಾದ್ದರಿಂದ ಮಾರಲು ಇಟ್ಟಿದ್ದ ಪುಟ್ಟ ಮನೆ. ಅಡುಗೆಮನೆಗೆ ಪೂರ್ವದ ಕಿಟಕಿ, ದೇವರಿಗೆ ಬೇರೆಯದೇ ಕೋಣೆ. ಎರಡು ವರ್ಷದಿಂದ ಆ ಮನೆಗೆ ಬೇರೆ ಗಿರಾಕಿ ಸಿಕ್ಕಿರಲಿಲ್ಲ, ನಮ್ಮವರಿಗೆ ಬೇರೆ ಮನೆ ಹಿಡಿಸಿರಲಿಲ್ಲ. ಹೀಗಿದ್ದಮೇಲೆ ವ್ಯಾಪಾರ ಕುದುರಬೇಕಲ್ಲವೆ ಎನ್ನುವಿರಿ. ಕುದುರಲಿಲ್ಲ, ಯಾಕೆಂದರೆ ಒಬ್ಬರದು ಟೊಮೆಟೊ ಬುದ್ಧಿ, ಇನ್ನೊಬ್ಬರದು ಮಾವಿನ ಬುದ್ಧಿ.

ನಮ್ಮವರು ಟೊಮೆಟೊ ಮಂಡಿಯಲ್ಲಿ ಗುಮಾಸ್ತರು. ಬೆಳಗಿನ ಹರಾಜಿನಲ್ಲಿ ತಲೆಯೆತ್ತಿ ನಿಂತ ದರ ಮಧ್ಯಾಹ್ನಕ್ಕೆ ನೆಲ ಕಚ್ಚುವುದನ್ನು ನೋಡಿ ನೋಡಿ, ಮಾರದೆ ಉಳಿದದ್ದು ಸಂಜೆಗೆ ಕೊಳೆಯುತ್ತದೆ, ಆಗ ಹೋಗಿ ಕೇಳಿದರೆ ಸಿಕ್ಕಷ್ಟಕ್ಕೆ ಕೊಡುತ್ತಾರೆ ಎಂಬುದು ಅವರ ವೇದಾಂತ. ಇಟ್ಟಿಗೆ ಸಿಮೆಂಟಿನ ಮನೆಯೂ ಸಂಜೆಯ ಹೊತ್ತಿಗೆ ಮೆತ್ತಗಾದೀತೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. "ರಿಯಲ್ ಎಸ್ಟೇಟು ಮಲಗ್ಬಿಟ್ಟಿದೆ ಕಣೇ, ಇನ್ನಷ್ಟು ಇಳೀಲಿ" ಎನ್ನುವರು. ತಿಂಗಳಿಗೊಮ್ಮೆ ಹೋಗಿ, ಹಣ್ಣು ಅದುಮಿ ನೋಡುವವರ ಹಾಗೆ ಗೋಡೆ ಕುಟ್ಟಿ, ನೀರು ಸಾಲದು, ಬಾಗಿಲು ಕಿರಿದು ಎಂದು ಓಣಿಯ ಟೀ ಅಂಗಡಿಯಲ್ಲೆಲ್ಲ ಸಾರಿ ಬರುವರು. ವೆಂಕಟರವಣಪ್ಪನವರೋ, ಕಾಯನ್ನು ಹುಲ್ಲಿನಲ್ಲಿಟ್ಟು ಮುಚ್ಚಿ ಸುಮ್ಮನೆ ಕಾದರೆ ತಾನೇ ಹಣ್ಣಾಗುತ್ತದೆಂದು ಬಲ್ಲವರು. ಮನೆಗೂ ಬೀಗ ಜಡಿದು, ಅದು ಬಣ್ಣ ತಿರುಗಲೆಂದು ಕಾಯುತ್ತಿದ್ದರು. ಇಬ್ಬರು ತಪಸ್ವಿಗಳ ನಡುವೆ ಸಿಕ್ಕಿಬಿದ್ದವಳು ನಾನು. ನನಗೋ ಶ್ರಾವಣದ ಗಡುವು.

ಕೊನೆಗೆ ಅಮ್ಮನವರ ಗುಡಿಯಲ್ಲಿ ಹೂ ಕೇಳೋಣ ಎಂದೆ. ಪೂಜಾರಿಗಳು ದೇವಿಯ ಎಡಬಲಕ್ಕೆ ಹೂ ಮುಡಿಸುತ್ತಾರೆ. ಕೇಳುವವರು ಮನಸ್ಸಿನಲ್ಲೇ ಕೋರಿಕೆ ನೆನೆದು ಕೈಮುಗಿದು ಕೂರಬೇಕು. ಬಲದ ಹೂ ಬಿದ್ದರೆ ಅಪ್ಪಣೆ. ನಮ್ಮವರು ಕಣ್ಣು ಮುಚ್ಚಿ ಕೂತು ಅರೆಗಳಿಗೆಯಾಗಿರಲಿಲ್ಲ, ಬಲದ ಸೇವಂತಿಗೆ ಜಾರಿ ಬಿತ್ತು. ನನಗೆ ಕಣ್ಣಲ್ಲಿ ನೀರು. ಹೊರಗೆ ಚಪ್ಪಲಿ ಮೆಟ್ಟುತ್ತಾ ಅವರು, "ನೋಡಿದ್ಯಾ? ಇನ್ನೂ ಸ್ವಲ್ಪ ದಿನ ಕಾಯ್ಲಾ ತಾಯಿ ಅಂತ ಕೇಳ್ದೆ. ಕಾಯಿ ಅಂದ್ಲು" ಎಂದರು. ಹೂ ಕೇಳುವ ಮೊದಲು ಏನು ಕೇಳುತ್ತೀರೆಂದು ಗಂಡನನ್ನು ಕೇಳಿಕೊಳ್ಳದ ನನ್ನ ದಡ್ಡತನಕ್ಕೆ ನಾನೇ ಹಣೆ ಚಚ್ಚಿಕೊಂಡೆ.

ಮುಂದಿನ ಶುಕ್ರವಾರ ಅದೇ ಗುಡಿಯಲ್ಲಿ ವೆಂಕಟರವಣಪ್ಪನವರ ಹೆಂಡತಿ ರತ್ನಮ್ಮ ಸಿಕ್ಕರು. ನನ್ನ ಕಥೆ ಕೇಳಿ, "ಅಯ್ಯೋ ರಾಮಾ, ಮಾ ಆಯನಕೀ ಅಂತೇ!" ಎಂದು ಸೆರಗು ಬಾಯಿಗೊತ್ತಿಕೊಂಡು ನಕ್ಕರು. "ನಮ್ಮೋರ್ದೂ ಇದೇ ಕಥೆ, ಬಲಗಡೆದೇ ಬಿತ್ತು ಕಣಮ್ಮ. ಈಗ್ಲೇ ಮಾರ್ಬೇಡ್ವಾ ತಾಯಿ ಅಂತ ಕೇಳಿದ್ರಂತೆ!"

"ಹಂಗಾದ್ರೆ ಅಮ್ಮನೋರು ಯಾರ ಕಡೆ ಅಕ್ಕಾ?"

"ಯಾರ ಕಡೆನೂ ಅಲ್ಲ. ಮಕ್ಕಳು ಹಟ ಮಾಡಿದ್ರೆ ತಾಯಿ ಹೂಂ ಅಂತಾಳೆ, ಇನ್ನೇನ್ ಮಾಡ್ತಾಳೆ."

ಇಬ್ಬರೂ ಮನಸಾರೆ ನಕ್ಕು ಪ್ರಸಾದ ತಿಂದೆವು. ಖಾಲಿ ಮನೆ ಕತ್ತಲಾಗಿರಬಾರದೆಂದು ರತ್ನಮ್ಮ ಪ್ರತಿ ಶುಕ್ರವಾರ ಶ್ರೀನಿವಾಸಪುರದಿಂದ ಬಸ್ಸು ಹಿಡಿದು ಬಂದು ಅಲ್ಲಿ ದೀಪ ಹಚ್ಚುತ್ತಿದ್ದರಂತೆ. ಈಗೀಗ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟ. "ನೀನು ಹತ್ತಿರದಲ್ಲೇ ಇದ್ದೀಯ, ನೀನೇ ಒಂದು ದೀಪ ಹಚ್ಚಮ್ಮ" ಎಂದು ಬೀಗದ ಕೈ ನನ್ನ ಸೆರಗಿಗೆ ಕಟ್ಟಿದರು.

ದಿನವೂ ಸಂಜೆ ಹೋಗತೊಡಗಿದೆ. ದೀಪ ಹಚ್ಚಿದ ಮೇಲೆ ಕಸ ಗುಡಿಸದಿರಲಾದೀತೆ? ಗುಡಿಸಿದ ಮೇಲೆ ಹೊಸ್ತಿಲಿಗೆ ಒಂದೆಳೆ ರಂಗೋಲಿ, ಅಂಗಳದಲ್ಲಿ ಒಂದು ತುಳಸಿ. ಮನೆಯಲ್ಲಿ ಕಾಫಿ ಕೊಡುವವರಿಲ್ಲದೆ ನಮ್ಮವರೂ ಅಲ್ಲಿಗೇ ಬರತೊಡಗಿದರು. ಮೊದಮೊದಲು, "ಕಂಡೋರ ಮನೆ ಗುಡ್ಸೋಕೆ ನಿಂಗೇನು ಸಂಬಳ ಕೊಡ್ತಾರಾ?" ಎಂಬ ಹಂಗಿಸುವಿಕೆ, ಆಮೇಲೆ ಜಗಲಿಯಲ್ಲಿ ಪೇಪರು, ಆಮೇಲೆ ಸೋರುವ ನಲ್ಲಿಗೆ ಹೊಸ ವಾಷರು. ನಾನು ಒಂದು ಮಾತೂ ಆಡಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ನನಗೆ ಸುಲಭವಲ್ಲವೆಂದು ನನ್ನನ್ನು ಬಲ್ಲವರು ಬಲ್ಲರು.

ಆಷಾಢಕ್ಕೆ ಇನ್ನು ಹತ್ತು ದಿನವಿದ್ದಾಗ, ಟೇಕಲ್ ಕಡೆಯ ಗಂಡಹೆಂಡತಿ ಮನೆ ನೋಡಲು ಬಂದರು. ಇದೂ ತಪ್ಪಿದರೆ ಮತ್ತೆ ಬಾಡಿಗೆ ಮನೆ, ಮತ್ತೆ ಅದೇ ಹಲಗೆ. ಆ ಮನುಷ್ಯ ಒಳಗೆ ಬಂದವನೇ ಗೋಡೆ ಕುಟ್ಟಿದ.

"ಇಲ್ಲಿ ನೀರು ಸಾಲ್ದಂತಲ್ರೀ?"

ನಮ್ಮವರು ಪೇಪರು ಮಡಿಸಿದರು. "ಯಾರ್ರೀ ಹೇಳಿದ್ದು?"

"ಟೀ ಅಂಗಡೀಲಿ ಎಲ್ಲಾರೂ ಅಂತಾರೆ. ಬಾಗ್ಲೂ ಚಿಕ್ಕದೇ. ಇನ್ನೊಂದಾರು ತಿಂಗ್ಳು ಬಿಟ್ರೆ ರೇಟು ಇಳೀತದೆ ಬಿಡಿ."

"ಗೋಡೆ ಹಂಗೆ ಕುಟ್ಬೇಡ್ರೀ, ಅದೇನ್ ಕಲ್ಲಂಗಡಿನಾ? ನೀರು ದಂಡಿಯಾಗಿ ಬರ್ತದೆ, ನಲ್ಲಿ ನಾನೇ ರಿಪೇರಿ ಮಾಡಿದೀನಿ. ಬಾಗ್ಲು ತೇಗದ್ದು, ತೇಗದ್ದು! ಇಂಥಾ ಮನೆ ಕೋಲಾರದಲ್ಲಿ ಇನ್ನೊಂದು ತೋರ್ಸಿ ನೋಡಾಣ."

"ನೀವ್ಯಾರು ಸ್ವಾಮಿ?"

"ಮನೆಯೋನು!"

ಅಂದುಬಿಟ್ಟರು. ಬಂದವರು ಚಪ್ಪಲಿ ಮೆಟ್ಟಿ ಹೊರಟೂ ಹೋದರು. ನಮ್ಮವರು ಆ ಮಾತನ್ನು ಹಿಂದಕ್ಕೆ ಪಡೆಯುವ ದಾರಿ ಹುಡುಕುತ್ತಾ ಅಂಗಳದಲ್ಲಿ ನಾಲ್ಕು ಸುತ್ತು ತಿರುಗಿದರು. ದಾರಿ ಕಾಣದೆ, ಕತ್ತಲಾಗುವುದರೊಳಗೆ ವೆಂಕಟರವಣಪ್ಪನವರಿಗೆ ಫೋನು ಮಾಡಿದರು. ಆ ಕಡೆ ರತ್ನಮ್ಮ ಪಕ್ಕದಲ್ಲೇ ಕೂತಿದ್ದರೆಂದು ಕಾಣುತ್ತದೆ. ಮಾತು ಬೇಗ ಮುಗಿಯಿತು. ಎರಡು ವರ್ಷದ ಹಿಂದೆ ಮೊದಲ ದಿನ ಹೇಳಿದ್ದ ಬೆಲೆಗೇ ಮನೆ ನಮ್ಮದಾಯಿತು, ಒಂದು ರೂಪಾಯಿಯೂ ಇಳಿಯದೆ. ಆಷಾಢಕ್ಕೆ ಎರಡು ದಿನ ಮೊದಲು ನೋಂದಣಿ, ಶ್ರಾವಣದಲ್ಲಿ ಹಾಲುಕ್ಕಿಸಿದ್ದು. ಕಾದದ್ದರಿಂದ ಲಾಭವಾಯಿತೆಂದು ನಮ್ಮವರು ಈಗಲೂ ಮಂಡಿಯಲ್ಲಿ ಹೇಳಿಕೊಳ್ಳುತ್ತಾರಂತೆ. ಯಾವ ಲಾಭವೆಂದು ಅಲ್ಲಿ ಯಾರೂ ಕೇಳುವುದಿಲ್ಲ, ಅವರ ಗೌರವ ಉಳಿದಿದೆ.

ಹೋದ ವಾರ ಎದುರು ಮನೆಯೂ ಮಾರಾಟವಾಯಿತು. ನಮ್ಮದಕ್ಕಿಂತ ಒಂದು ಕೋಣೆ ಹೆಚ್ಚು, ಬೆಲೆ ಮಾತ್ರ ನಾವು ಕೊಟ್ಟದ್ದಕ್ಕಿಂತ ಕಡಿಮೆ. ಕೊಂಡಾಕೆ ಅರಿಶಿನ ಕುಂಕುಮಕ್ಕೆ ಬಂದಾಗ ಮೆಲ್ಲಗೆ ನನಗೆ ಹೇಳಿದಳು. ನಾನು ಆಕೆಗೆ ಇನ್ನೊಂದು ಒಬ್ಬಟ್ಟು ಬಡಿಸಿ, ಈ ವಿಷಯ ಹೆಂಗಸರಲ್ಲೇ ಇರಲಿ ಎಂದೆ. ನಿಮಗೂ ನಂಬಿಕೆಯಿಂದಲೇ ಹೇಳಿದ್ದೇನೆ. ಇದು ಅಚ್ಚಾದರೂ ಚಿಂತೆಯಿಲ್ಲ, ನಮ್ಮವರು ಪತ್ರಿಕೆಯಲ್ಲಿ ಟೊಮೆಟೊ ದರವೊಂದನ್ನು ಬಿಟ್ಟು ಮತ್ತೇನನ್ನೂ ಓದುವವರಲ್ಲ. ತಾಯಿ ನನಗೆ ದಯಪಾಲಿಸಿದ ಕರುಣೆಗಳಲ್ಲಿ ಅದೂ ಒಂದು.